ಅಧ್ಯಕ್ಷರ ನಂಬರು

ಪಂಚಾಯಿತಿ ಕಚೇರಿಯಲ್ಲಿ ಕುಳಿತು ಮಲ್ಲಿಕಾ ನೀರು ಬಿಡುವ ಸಿದ್ಧಲಿಂಗನಿಗೆ ಮತ್ತೊಮ್ಮೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ಅದು ಸುಮ್ಮನಾಯಿತು. ಹೊರಗೆ ಬೈಕಿನ ಮೇಲೆ ಕುಳಿತಿದ್ದ ಗಂಡ ಭೀಮೇಶ ತನ್ನ ಫೋನು ತೆಗೆದ.

"ಹೇಳಣ್ಣಾ" ಎಂದ ಸಿದ್ಧಲಿಂಗ, ಮೊದಲ ರಿಂಗಿಗೇ.

ಕುಂದಗೋಳ ತಾಲೂಕಿನ ಹಳ್ಳದ ದಂಡೆಯ ಆ ಊರಿಗೆ ಮಲ್ಲಿಕಾ ಅಧ್ಯಕ್ಷೆಯಾಗಿ ವರ್ಷವಾಗುತ್ತ ಬಂದಿತ್ತು. ಆಯ್ಕೆಯಾದ ವಾರವೇ ಭೀಮೇಶ ಹೊಸ ಫೋನು ತಂದುಕೊಟ್ಟಿದ್ದ. ಆದರೆ ಆ ಫೋನಿನಿಂದ ಅವಳು ಮಾಡಿದ ಕರೆಗಳನ್ನು ಎತ್ತುವವರೇ ಇರಲಿಲ್ಲ. ಊರವರ ಬಳಿ ಇದ್ದ 'ಅಧ್ಯಕ್ಷರ ನಂಬರು' ಭೀಮೇಶನದೇ. ನೀರು, ದೀಪ, ಗಟಾರ ಎಲ್ಲ ಮಾತೂ ಅವನ ಕಿವಿಗೆ ಹೋಗಿ, ಸಹಿ ಮಾತ್ರ ಇವಳ ಕೈಯಿಂದ ಬೀಳುತ್ತಿತ್ತು. ತಮ್ಮ ಕೇರಿಯ ಹೆಣ್ಣುಮಗಳು ಕುರ್ಚಿಯ ಮೇಲೆ ಕುಳಿತದ್ದು ಜನಕ್ಕೆ ಸೇರುತ್ತಿಲ್ಲ ಎಂದುಕೊಂಡು ಅವಳು ನುಂಗಿಕೊಂಡಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಮೇಲಿನ ಊರಿನವರು ಬೈಕಿನಲ್ಲಿ ಬಂದು, ಅಲ್ಲಿ ಭಾರೀ ಮಳೆಯಾಗಿದೆ, ಹಳ್ಳ ಬರುತ್ತಿದೆ ಎಂದು ಕಚೇರಿಗೆ ಸುದ್ದಿ ಮುಟ್ಟಿಸಿದರು. ಮಲ್ಲಿಕಾ ಕುರ್ಚಿಯಿಂದ ಎದ್ದಳು. ಹೊಲದ ಕಸ ತೆಗೆಯಲು ಹೋದ ಹೆಂಗಸರೆಲ್ಲ ಹಳ್ಳದ ಆಚೆ ಇದ್ದರು. ಅವಳ ಅತ್ತೆ ಸಣ್ಣವ್ವನೂ ಅವರ ಜೊತೆಗಿದ್ದಳು. ಅವರನ್ನು ಕರೆದುಕೊಂಡು ಹೋಗಿದ್ದ ಹಸನಬಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಆ ಕಡೆಯಿಂದ ಕಟ್ ಆಯಿತು. ಹುಬ್ಬಳ್ಳಿಗೆ ಹೋಗಿದ್ದ ಭೀಮೇಶನ ಫೋನು ಸ್ವಿಚ್ ಆಫ್ ಆಗಿತ್ತು.

ಮಲ್ಲಿಕಾ ಸೀರೆಯ ನೆರಿಗೆ ಎತ್ತಿ ಕಟ್ಟಿ ಎರೆಮಣ್ಣಿನಲ್ಲಿ ಓಡಿದಳು. ದಂಡೆಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದಳು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಹಳ್ಳ ದಾಟತೊಡಗಿದಾಗ ನೀರು ಮೊಣಕಾಲಿಗಿತ್ತು. ಕೊನೆಯಲ್ಲಿದ್ದ ಸಣ್ಣವ್ವ ನಡುವಿಗೆ ಬರುವಷ್ಟರಲ್ಲಿ ಸೊಂಟ ಮುಟ್ಟಿತ್ತು. ಅವಳ ಕಾಲು ಜಾರಿತು. ಮಲ್ಲಿಕಾ ನೀರಿಗಿಳಿದು ಅವಳ ರಟ್ಟೆ ಹಿಡಿದು ಎಳೆದಳು. ಎಲ್ಲರೂ ದಂಡೆ ಹತ್ತಿದ ಸ್ವಲ್ಪ ಹೊತ್ತಿಗೆ ಕೆಂಪು ನೀರು ಮರದ ತುಂಡುಗಳನ್ನು ಹೊತ್ತು ಗುಡುಗುತ್ತ ಬಂತು.

"ಫೋನ್ ಯಾಕ ಎತ್ತಲಿಲ್ಲ ಹಸನಬಿ?" ಮಲ್ಲಿಕಾ ಸೀರೆ ಹಿಂಡುತ್ತ ಕೇಳಿದಳು.

"ನಿಮ್ಮ ಫೋನ್ ಅಂತ ತಿಳೀಲಿಲ್ಲವ್ವಾ! ನೋಡ್ರಿ ಇಲ್ಲೆ, ಪ್ರೈವೇಟ್ ನಂಬರ್ ಅಂತ ಬಂದೈತಿ. ಗುರುತಿಲ್ಲದ ಕಾಲ್ ಎತ್ತಬ್ಯಾಡ್ರಿ, ಮೋಸ ಮಾಡ್ತಾರ ಅಂತ ಗ್ರಾಮಸಭಾದಾಗ ನೀವ ಹೇಳಿದ್ರಿ."

ಮರುದಿನ ಮಲ್ಲಿಕಾ ಕುಂದಗೋಳದ ಬಸ್ಸು ಹಿಡಿದಳು. ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ರೂಬಿನಾ ಫೋನು ತಿರುಗಿಸಿ ನೋಡಿ, "ಕೆಟ್ಟಿಲ್ಲಕ್ಕಾ. ಸೆಟ್ಟಿಂಗಿನಾಗ ನಿಮ್ಮ ನಂಬರ್ ಮುಚ್ಚಿಟ್ಟೈತಿ" ಎಂದಳು.

"ತಾನ ಆಗಿದ್ದೇನು?"

"ಯಾರರೆ ಮಾಡಿದ್ರ ಅಷ್ಟ ಆಗತೈತ್ರಿ. ಕೊಡ್ರಿ, ತಗದುಬಿಡ್ತೀನಿ."

"ತಡಿ. ಎಲ್ಲಿ ಒತ್ತಬೇಕು ತೋರಸು. ನಾನ ಒತ್ತತೀನಿ."

ಕರೆಯ ಸೆಟ್ಟಿಂಗ್, ಅದರೊಳಗೆ ಕಾಲರ್ ಐಡಿ, ಅದರೊಳಗೆ 'ನಂಬರ್ ಮರೆಮಾಡು'. ಮಲ್ಲಿಕಾ ಅದರ ಕೆಳಗಿನ 'ನಂಬರ್ ತೋರಿಸು' ಒತ್ತಿ ರೂಬಿನಾಳಿಗೆ ರಿಂಗು ಕೊಟ್ಟಳು. ಮೇಜಿನ ಮೇಲಿನ ಫೋನಿನಲ್ಲಿ ಅವಳ ನಂಬರು ಅಂಕಿ ಅಂಕಿಯಾಗಿ ಹೊಳೆಯಿತು. ಕಟ್ ಮಾಡಲು ಮನಸ್ಸಾಗದೆ ಅವಳು ನೋಡುತ್ತಲೇ ನಿಂತಳು.

ಸಂಜೆ ಮಲ್ಲಿಕಾ ಕೇಳಿದಾಗ ಭೀಮೇಶ ಸುಳ್ಳು ಹೇಳಲಿಲ್ಲ. "ಎಲೆಕ್ಷನ್ ಮುಂದ ನಿನ್ನ ಹಳೇ ಫೋನಿಗೆ ಒಬ್ಬಾಂವ ಹೊಲಸ ಮಾತಾಡಿದ್ದ. ನೀ ಉಣ್ಣದ ಮಲಗಿದ್ದಿ. ಮತ್ತ ಹಂಗ ಆಗಬಾರದು ಅಂತ ಮಾಡಿದೆ."

"ಅದಷ್ಟನಾ?"

ಅವನು ತಲೆ ತಗ್ಗಿಸಿದ. "ಜನಾ ನನಗ ಅಧ್ಯಕ್ಷರ ಅಂತ ಕರಿಯಾಕ ಹತ್ತಿದ್ರು. ಅದೂ ಚಲೋ ಅನಸ್ತಿತ್ತು."

"ಹೊಲಸ ಮಾತಾಡಿದಾಂವ ಅವ. ನೀ ಮುಚ್ಚಿಟ್ಟಿದ್ದು ನನ್ನ. ಇನ್ನೊಮ್ಮೆ ಯಾವನರೆ ಹಂಗ ಮಾತಾಡಿದ್ರ ಪೊಲೀಸ್ ಠಾಣೆಕ್ಕ ನಾನ ಹೋಗ್ತೀನಿ. ನೀ ಬಾಜೂಕ ನಿಂದ್ರು, ಸಾಕು."

ಮೂಲೆಯಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಸಣ್ಣವ್ವ ಮಗನತ್ತ ತಿರುಗಿದಳು. "ಇಕಿ ಓಡಿ ಬರದಿದ್ರ ಇವತ್ತ ನೀ ನನ್ನ ಮಣ್ಣ ಮಾಡಿ ಬಂದಿರ್ತಿದ್ದಿ."



ಬೆಳಿಗ್ಗೆ ಮಲ್ಲಿಕಾ ರೊಟ್ಟಿ ಬಡಿಯುತ್ತಿದ್ದಾಗ ಅಂಗಳದಲ್ಲಿ ಭೀಮೇಶನ ಫೋನು ರಿಂಗಾಯಿತು. ಹಳ್ಳದ ನೀರು ನುಗ್ಗಿ ಪಂಪು ಕೆಟ್ಟಿದೆ ಎಂದು ಸಿದ್ಧಲಿಂಗ ಹೇಳುತ್ತಿದ್ದ.

"ನನಗ್ಯಾಕ ಹೇಳ್ತಿ ಲೇ? ನಾ ಅಧ್ಯಕ್ಷ ಅಲ್ಲ" ಎಂದ ಭೀಮೇಶ. "ಅಕಿ ನಂಬರ್ ಹೇಳ್ತೀನಿ, ಬರಕೋ. ಊರಾಗ ಎಲ್ಲಾರ್ಗೂ ಇದನ್ನ ಕೊಡು." ಅವನು ಬಾಯಿಪಾಠವಾಗಿದ್ದ ಅಂಕಿಗಳನ್ನು ಒಂದೊಂದಾಗಿ, ಬಾಜೂ ಮನೆಯವರಿಗೂ ಕೇಳುವಂತೆ ಹೇಳಿದ.

ಒಳಗೆ ಮಲ್ಲಿಕಾಳ ಫೋನು ರಿಂಗಾಯಿತು. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದು ನಿಂತಳು. ಭೀಮೇಶ ಒಳಬಂದು ಒಲೆಯ ಮುಂದೆ ಕುಳಿತು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದ.

"ಹೇಳ್ರಿ" ಎಂದಳು ಅವಳು. "ನಾನು ಅಧ್ಯಕ್ಷೆ ಮಲ್ಲಿಕಾ ಮಾತಾಡಾಕತ್ತೀನಿ."