ಕೋಳಿಮರಿ ಕುಕ್ಕಲಿ ಎಂದು ಕಾಯಬೇಡಿ

ನಮ್ಮ ಮೀನುಗಾರರ ಕೇರಿಯಲ್ಲಿ ಪೊಲೀಸರು ಯಾರನ್ನಾದರೂ ಎಳೆದುಕೊಂಡು ಹೋದರೆ ಮೊದಲು ಕೇಳಿಸುವುದು ಬಾಗಿಲು ಹಾಕುವ ಸದ್ದು. ಆ ಮನೆಯವರೂ ಬಾಗಿಲು ಹಾಕಿಕೊಳ್ಳುತ್ತಾರೆ. ಸುಮ್ಮನಿದ್ದರೆ ನಾಳೆ ಬಿಡುತ್ತಾರೆ ಎಂದು ನಂಬುತ್ತಾರೆ. ಹೀಗೆ ನಂಬಿಯೇ ನನ್ನ ಪಕ್ಕದ ಮನೆಯ ಪಾಸಿಂಗ್ ಹೋದ ವರ್ಷ ದೊಡ್ಡ ಮಗ ರುಫೋನನ್ನು ಕಳೆದುಕೊಂಡಳು.

ಯಾರದೋ ದೋಣಿಯ ಎಂಜಿನ್ ಕಳುವಾಗಿತ್ತು. ಬಲೆ ಹೊಲಿಯುತ್ತ ಕೂತಿದ್ದ ರುಫೋನನ್ನು ಪೊಲೀಸರು ಜೀಪಿಗೆ ಹಾಕಿಕೊಂಡು ಹೋದರು. ಎರಡು ದಿನ ಕಳೆದು ಹೆಣ ಬಂತು. ಮಲಗಿದ್ದಲ್ಲೇ ಉಸಿರು ನಿಂತಿತು ಎಂದರು. ಹೆಣ ಮಗುಚಿ ಬೆನ್ನಿನ ಬಾಸುಂಡೆ ನೋಡಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಪಾಸಿಂಗಳ ಭಾವ ಬೆರ್ತೋ ಮಾತ್ರ ಹೆದರಿ ಬೇಗ ಬೇಗ ಒಳ್ಳೆಯ ಅಂಗಿ ತೊಡಿಸಿ ಶವಪೆಟ್ಟಿಗೆಯಲ್ಲಿ ಮಲಗಿಸಿಬಿಟ್ಟ.

ಕೊಲೆಯಾದವರ ಪೆಟ್ಟಿಗೆಯ ಮೇಲೆ ಒಂದು ಕೋಳಿಮರಿ ಬಿಡುವುದು ನಮ್ಮ ಪದ್ಧತಿ. ಅದು ಅಕ್ಕಿ ಕುಕ್ಕಿದ ಹಾಗೆಲ್ಲ ಕೊಂದವನ ಎದೆಯನ್ನೂ ಕುಕ್ಕುತ್ತದಂತೆ. ಪಾಸಿಂಗ್ ಹಳದಿ ಮರಿಯೊಂದನ್ನು ಬಿಟ್ಟಳು. ಹೆಣ ಕಾಯುವ ಜಾಗರಣೆಗೆ ಬಂದವರು ಕಾಫಿ ಕುಡಿದರು, ಇಸ್ಪೀಟಾಡಿದರು, ಮರಿಯತ್ತ ಬೆರಳು ತೋರಿಸಿ, "ಅದು ನೋಡ್ಕೊಳ್ಳುತ್ತೆ ಬಿಡಿ" ಎಂದು ಎದ್ದು ಹೋದರು.

ಮರಿ ಬೆಳೆದು ಹುಂಜವಾಯಿತು. ಕೊಂದವರು ಯಾರೂ ಎದೆ ಹಿಡಿದುಕೊಂಡು ಬೀಳಲಿಲ್ಲ. ಅದೇ ಜೀಪಿನಲ್ಲಿ ಬಂದು ನಮ್ಮ ಹತ್ತಿರವೇ ಒಣಮೀನು ಕೊಳ್ಳುತ್ತಿದ್ದರು.

ಕಳೆದ ತಿಂಗಳು ಒಂದು ಮಧ್ಯಾಹ್ನ ಕಾರಣವನ್ನೂ ಹೇಳದೆ ಅದೇ ಜೀಪು ಅವಳ ಚಿಕ್ಕ ಮಗ ಎಲ್ಮೆರ್‌ನನ್ನು ಹೊತ್ತುಕೊಂಡು ಹೋಯಿತು. ಪಾಸಿಂಗ್ ಅಳಲಿಲ್ಲ. ಹುಂಜಕ್ಕೆ ಅಕ್ಕಿ ಹಾಕಿ, ಬಾಗಿಲು ಮುಂದೆ ಮಾಡಿ ಕೂತಳು. ನಾನು ಫೆಲಿಯನ್ನು ಕರೆತರಲು ಓಡಿದೆ.

ಫೆಲಿ ಬೆಳಿಗ್ಗೆ ಚರ್ಚಿನ ಮುಂದೆ ಅಕ್ಕಿ ಕಡುಬು ಮಾರುತ್ತಾಳೆ. ಉಳಿದ ಹೊತ್ತಿನಲ್ಲಿ ಅವಳು, ಇನ್ನೂ ಕೆಲವರು ಸೇರಿ ನಮ್ಮ ಕೇರಿಯ ಸ್ವಯಂಸೇವಕ ಮಾನವ ಹಕ್ಕುಗಳ ಆಯೋಗ ನಡೆಸುತ್ತಾರೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಬಾಸ್ಕೆಟ್‌ಬಾಲ್ ಅಂಗಳದ ಪಕ್ಕದ ಕೋಣೆಯೇ ಅವರ ಕಚೇರಿ.

ನಾವು ಬಂದಾಗ ಪಾಸಿಂಗಳ ಮನೆ ಬಾಗಿಲಲ್ಲಿ ಬೆರ್ತೋ ಅಡ್ಡ ನಿಂತಿದ್ದ. "ಕಡುಬು ಮಾರೋಳು ನೀನು. ಬಂದೂಕು ಹಿಡಿದೋರ ಹತ್ರ ಏನಮ್ಮ ಮಾತಾಡ್ತೀಯಾ? ಕೆಣಕಿದ್ರೆ ಇನ್ನೂ ನಾಲ್ಕು ಜಾಸ್ತಿ ಬಾರಿಸ್ತಾರೆ."

"ಹೋದ ಸಲ ಯಾರೂ ಕೆಣಕ್ಲಿಲ್ವಲ್ಲ ಬೆರ್ತೋಣ್ಣ. ಕಮ್ಮಿ ಬಾರಿಸಿದ್ರಾ?"

ಬೆರ್ತೋ ತಲೆ ತಗ್ಗಿಸಿದ. ಆದರೂ ಜಾಗ ಬಿಡಲಿಲ್ಲ. "ನಿಮ್ಮ ಆಯೋಗಕ್ಕೆ ಏನಿದೆ ಅಧಿಕಾರ? ಲಾಕಪ್ಪು ಒಡೀತೀರಾ?"

"ಇಲ್ಲಣ್ಣ. ಆದ್ರೆ ಒಳಗಿರೋನ ಮುಖ ನೋಡೋಕೆ ಮನೆಯೋರಿಗೆ ಹಕ್ಕಿದೆ. ಡಾಕ್ಟ್ರು, ವಕೀಲ್ರು ನೋಡೋಕೂ ಇದೆ. ಕೇಳೋರಿಲ್ಲ ಅಂತ ಗೊತ್ತಾದ್ರೆ ತಾನೇ ಅವರ ಕೈ ಜೋರಾಗೋದು? ಕೇಳೋರಿದ್ದಾರೆ ಅಂತ ತೋರಿಸೋದೇ ನಮ್ಮ ಕೆಲಸ."

ಒಳಗಿನಿಂದ ಪಾಸಿಂಗಳ ಧ್ವನಿ ಬಂತು. "ಹುಂಜ ಇದೆಯಲ್ಲ ಫೆಲಿ. ಇವತ್ತಲ್ಲ ನಾಳೆ ಕುಕ್ಕುತ್ತೆ."

ಫೆಲಿ ಹೋಗಿ ಅವಳ ಪಕ್ಕ ಕೂತಳು. "ಅಕ್ಕಾ, ಮರಿ ಬಿಡೋದು ಪೆಟ್ಟಿಗೆ ಮೇಲೆ. ಎಲ್ಮೆರ್‌ಗೆ ಇನ್ನೂ ಪೆಟ್ಟಿಗೆ ಬಂದಿಲ್ಲ."

ಪಾಸಿಂಗ್ ಎದ್ದಳು. ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ.

ದಾರಿಯಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸರನ್ನೂ ಕರೆದುಕೊಂಡೆವು. ಸ್ಟೇಷನ್ನಿನಲ್ಲಿ ಮೇಜಿನ ಹಿಂದೆ ಕೂತಿದ್ದ ಪೊಲೀಸ್ ತಲೆಯೆತ್ತದೆ, "ಆ ಹೆಸರಿನೋನು ಇಲ್ಲಿಲ್ಲ" ಎಂದ.

"ಹಾಗಾದ್ರೆ ಎಲ್ಲಿದಾನೆ ಅಂತ ಹೇಳೋವರ್ಗೂ ಇಲ್ಲೇ ಇರ್ತೀವಿ ಸಾರ್" ಎಂದಳು ಫೆಲಿ. ಆಯೋಗಕ್ಕೆ ಗೊತ್ತಿದ್ದ ವಕೀಲರಿಗೂ ಡಾಕ್ಟರಿಗೂ ಅವನೆದುರಿಗೇ ಫೋನ್ ಮಾಡಿದಳು. ನಾವು ನೆಲದ ಮೇಲೆ ಕೂತು ಜಪಮಾಲೆ ಶುರು ಮಾಡಿದೆವು. ಪ್ರತಿ ಮಣಿಗೂ ಪ್ರಾರ್ಥನೆಯ ಕೊನೆಯಲ್ಲಿ ಎಲ್ಲರೂ ಗಟ್ಟಿಯಾಗಿ, "ಎಲ್ಮೆರ್‌ನನ್ನು ಕಾಪಾಡು" ಎಂದೆವು. ಪೊಲೀಸ್ ಗದರಿಸಿದ. ನಮ್ಮ ಧ್ವನಿ ಇನ್ನೂ ಏರಿತು.

ಮಾಲೆ ಅರ್ಧವಾಗಿರಬಹುದು. ಹಿಂದಿನ ಗೋಡೆಯಾಚೆಯಿಂದ ನರಳುವ ಧ್ವನಿಯೊಂದು, "ಅಮ್ಮಾ" ಎಂದಿತು.

ಪಾಸಿಂಗ್ ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದಾದ ಮೇಲೆ ಇಲ್ಲಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ವಕೀಲರು ಬಂದರು. ಡಾಕ್ಟರು ಒಳಗೆ ಹೋಗಿ ನೋಡಿದರು. ಪಕ್ಕೆಲುಬು ಮುರಿದಿತ್ತು, ಒಂದು ಕಿವಿ ಕೇಳಿಸುತ್ತಿರಲಿಲ್ಲ. ಆ ಕಿವಿ ಇನ್ನು ಸರಿಹೋಗುವುದಿಲ್ಲವಂತೆ. ಆದರೆ ವಕೀಲರು ಬಿಡಿಸಿ ತಂದ ಎಲ್ಮೆರ್ ಈಗ ಮನೆಯಲ್ಲಿದ್ದಾನೆ, ಅಮ್ಮನ ಕೈಯಿಂದ ಗಂಜಿ ಕುಡಿಯುತ್ತಾನೆ. ಹೊಡೆದವರ ಮೇಲೆ ಕೇಸು ನಡೆಯುತ್ತಿದೆ.

ಅವನು ನಮಗೆ ಹೇಳಿದ: "ಹೊರಗೆ ನನ್ನ ಹೆಸರು ಕೇಳಿಸ್ತಲ್ಲ, ಆಗ ಹೊಡೆಯೋದು ನಿಲ್ಲಿಸಿದ್ರು."

ಅದನ್ನು ಕೇಳಿ ಬೆರ್ತೋ ಗೋಡೆಗೆ ಮುಖ ಮಾಡಿ ಅತ್ತ. ರುಫೋನ ಹೆಸರನ್ನು ಯಾರೂ ಕೂಗಿರಲಿಲ್ಲ. "ಇನ್ಮೇಲೆ ಯಾರನ್ನ ಹಿಡಿದ್ರೂ ನನ್ನನ್ನ ಮೊದ್ಲು ಕರಿ ಫೆಲಿ" ಎಂದ. ರುಫೋನ ಗೋರಿ ತೆಗೆಸಿ ದೇಹವನ್ನು ಡಾಕ್ಟರಿಗೆ ತೋರಿಸಲು ಪಾಸಿಂಗ್ ಈಗ ಒಪ್ಪಿದ್ದಾಳೆ. ಆ ದಿನ ಅವಳ ಕೈ ಹಿಡಿದು ನಾವೆಲ್ಲ ನಿಲ್ಲುತ್ತೇವೆ.

ಅಕ್ಕಂದಿರೇ, ಅಣ್ಣಂದಿರೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗುವುದು ಬೇಡ. ನಿಮ್ಮ ಕೇರಿಯಲ್ಲಿ ಯಾರನ್ನಾದರೂ ಎಳೆದೊಯ್ದರೆ ಆ ಕ್ಷಣವೇ ಹೊರಡಿ. ಒಬ್ಬರೇ ಹೋಗಬೇಡಿ, ಹಕ್ಕುಗಳ ಆಯೋಗದವರನ್ನು ಕರೆಯಿರಿ, ನೆರೆಯವರನ್ನು ಎಬ್ಬಿಸಿ. ಮುಖ ನೋಡುವವರೆಗೂ ಅಲ್ಲಿಂದ ಏಳಬೇಡಿ. ಒಳಗಿರುವವನಿಗೆ ಕೇಳಿಸುವ ಹಾಗೆ ಅವನ ಹೆಸರು ಹೇಳಿ.

ಪಾಸಿಂಗಳ ಹುಂಜ ಇನ್ನೂ ಅಂಗಳದಲ್ಲಿ ಕುಕ್ಕುತ್ತಲೇ ಇದೆ. ಕುಕ್ಕುವುದು ಬರೀ ಅಕ್ಕಿಯನ್ನು.