ಇಪ್ಪತ್ತು ಕೆಜಿ ಅಂತ ಬರೆದದ್ದು

ಆಂಧ್ರದ ಆದವಾನಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ ನಡೆಸುವ ಏಕಾಂತಪ್ಪನವರ ಮಗಳು ಗಂಗೋತ್ರಿ ಹೈದರಾಬಾದಿನ ಒಂದು ಸಣ್ಣ ಚಾರ್ಟರ್ ಕಂಪನಿಯಲ್ಲಿ ಕೋಪೈಲಟ್ ಆಗಿದ್ದಳು. ಒಂಬತ್ತು ಸೀಟಿನ ವಿಮಾನ. ಉದ್ಯಮಿಗಳು ಕರೆದಲ್ಲಿಗೆ ಹೋಗಿ, ಹೇಳಿದ ಊರಿಗೆ ಇಳಿಸಿ ಬರುವ ಕೆಲಸ. ಅದರ ಕ್ಯಾಪ್ಟನ್ ರಾಮಾಂಜನೇಯ ಪತ್ತಿಕೊಂಡದವರು. ಕಡಿಮೆ ಮಾತಿನ ಮನುಷ್ಯ, ಆದರೆ ಒಂದೇ ಸೀಮೆಯವರೆಂಬ ಸಲಿಗೆಯಿಂದ ಆಕಾಶದಲ್ಲಿ ಮಾತ್ರ ಗಂಗೋತ್ರಿಯ ಜೊತೆ ಊರ ಕನ್ನಡದಲ್ಲಿ ಮಾತಾಡುತ್ತಿದ್ದರು.

ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ಪತ್ತಿಕೊಂಡದ ದಾರಿಯಲ್ಲಿದ್ದ ಒಂದು ಹತ್ತಿ ಮಿಲ್ಲಿನ ಖಾಸಗಿ ರನ್‌ವೇಯಿಂದ ಅವರು ಹೊರಡಬೇಕಿತ್ತು. ಮಾಲೀಕ ಮತ್ತು ಅವನ ಕಡೆಯ ಆರು ಮಂದಿ ಆಗಲೇ ಒಳಗೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ನಲವತ್ಮೂರು ಡಿಗ್ರಿ ಬಿಸಿಲು. ಅಂಥ ಬಿಸಿಲಿಗೆ ಗಾಳಿ ತೆಳ್ಳಗಾಗುತ್ತದೆ, ರೆಕ್ಕೆಗೆ ಎತ್ತುವ ಬಲ ಸಾಲದು, ಎಂಜಿನ್‌ಗೂ ಕಸುವು ಕಡಿಮೆ. ಬೆಳಗಿನ ಹೊತ್ತು ಧಾರಾಳವಾಗಿ ಸಾಕಾಗುವ ರನ್‌ವೇ ಮಧ್ಯಾಹ್ನಕ್ಕೆ ಗಿಡ್ಡ ಎನಿಸುತ್ತದೆ. ಜನ, ಇಂಧನ, ಸಾಮಾನು ಎಲ್ಲದರ ತೂಕ ಕೂಡಿಸಿ, ಯಾವುದು ಎಲ್ಲಿದೆ ಎಂದು ಹಾಳೆಯಲ್ಲಿ ಬರೆಯುವುದು ಗಂಗೋತ್ರಿಯ ಕೆಲಸ. ಅವಳ ಲೆಕ್ಕದಲ್ಲಿ ವಿಮಾನ ಎದ್ದ ಮೇಲೂ ರನ್‌ವೇ ನೂರೈವತ್ತು ಮೀಟರ್ ಉಳಿಯುತ್ತಿತ್ತು.

ಆಗ ಮಿಲ್ಲಿನ ಮ್ಯಾನೇಜರ್ ಮರಿಬಸಪ್ಪ ಮೂರು ಮರದ ಪೆಟ್ಟಿಗೆ ತಂದು ಹಿಂದಿನ ಬಾಗಿಲ ಹತ್ತಿರ ಇಳಿಸಿದ. ಜಿನ್ನಿಂಗ್ ಯಂತ್ರದ ಗರಗಸದ ಚಕ್ರಗಳು, ರಿಪೇರಿಗೆ ಹೋಗಬೇಕು, ಒಂದೊಂದು ಪೆಟ್ಟಿಗೆ ಇಪ್ಪತ್ತು ಕೆಜಿ ಅಂದ. ಗಂಗೋತ್ರಿ ಒಂದು ಪೆಟ್ಟಿಗೆಯ ಅಂಚು ಹಿಡಿದು ಎತ್ತಿ ನೋಡಿದಳು. ಅಪ್ಪನ ಮಿಲ್ಲಿನಲ್ಲಿ ಅಂಥ ಚಕ್ರಗಳ ನಡುವೆಯೇ ಆಡಿ ಬೆಳೆದವಳು. ಇದು ಇಪ್ಪತ್ತಲ್ಲ, ನಲವತ್ತಕ್ಕೂ ಮೇಲೆ ಎಂದು ಅವಳ ಕೈಗೆ ತಿಳಿಯಿತು. ತೂಗೋಣ ಎಂದರೆ ಅಲ್ಲಿ ತಕ್ಕಡಿ ಇರಲಿಲ್ಲ. ಒಳಗಿಂದ ಮಾಲೀಕ, ಇನ್ನೂ ಎಷ್ಟು ಹೊತ್ತು ಎಂದು ಎರಡನೇ ಸಲ ಕೇಳಿದ. ಗಂಗೋತ್ರಿ ಹಾಳೆಯಲ್ಲಿ ಇಪ್ಪತ್ತು, ಇಪ್ಪತ್ತು, ಇಪ್ಪತ್ತು ಎಂದು ಬರೆದಳು. ರಾಮಾಂಜನೇಯ ನೋಡಿ ಸಹಿ ಹಾಕಿದರು.

ರನ್‌ವೇಯ ಅರ್ಧ ದಾಟಿದ ಮೇಲೂ ವೇಗ ನಿಧಾನವಾಗಿಯೇ ಏರುತ್ತಿತ್ತು. ಏಳುವ ವೇಗ ಬಂತೆಂದು ಅವಳು ಹೇಳುವ ಮೊದಲೇ ಮೂತಿ ತಾನಾಗಿ ಮೇಲೆದ್ದಿತು. ಹಿಂದೆ ಭಾರ ಹೆಚ್ಚಾಗಿತ್ತು. ನೆಲ ಬಿಟ್ಟ ವಿಮಾನ ಗಾಳಿಯಲ್ಲಿ ತೂರಾಡಿತು. ರಾಮಾಂಜನೇಯ ಎರಡೂ ಕೈಯಿಂದ ಮೂತಿಯನ್ನು ಕೆಳಗೆ ಒತ್ತಿದರು. ವಿಮಾನ ಮತ್ತೆ ನೆಲಕ್ಕೆ ಬಡಿದು, ಬೇಲಿ ಮುರಿದು, ಉಳುಮೆ ಮಾಡಿದ ಹೊಲಕ್ಕೆ ನುಗ್ಗಿ, ಎಡಗಡೆಯಿಂದ ಒಂದು ಬದುವಿಗೆ ಗುದ್ದಿ ನಿಂತಿತು. ಎಡಗಡೆ ಕೂತಿದ್ದವರು ರಾಮಾಂಜನೇಯ; ಸೀಟಿನಲ್ಲೇ ಸತ್ತಿದ್ದರು. ಗಂಗೋತ್ರಿಯನ್ನೂ ಉಳಿದವರನ್ನೂ ಓಡಿಬಂದ ಜನ ಹೊರಗೆಳೆದ ಮೇಲೆ ಬೆಂಕಿ ಹತ್ತಿತು. ಅವಳ ಹಾಳೆ ಅದರಲ್ಲೇ ಸುಟ್ಟುಹೋಯಿತು. ಗುದ್ದಿದ ರಭಸಕ್ಕೆ ಹಿಂದಿನ ಬಾಗಿಲು ಕಿತ್ತು ಹೊಲದಲ್ಲಿ ಬಿದ್ದಿದ್ದ ಪೆಟ್ಟಿಗೆಗಳನ್ನು ಮಿಲ್ಲಿನವರು ಜೀಪಿಗೆ ಹಾಕಿಕೊಂಡು ಹೋದದ್ದನ್ನು ಅವಳು ಸ್ಟ್ರೆಚರ್ ಮೇಲೆ ಮಲಗಿ ನೋಡಿದಳು.

ತನಿಖೆಯವರು ಕೇಳಿದಾಗ ಹಿಂದೆ ಬ್ಯಾಗುಗಳಷ್ಟೇ ಇದ್ದವು ಎಂದಳು. ಮಿಲ್ಲಿನವರೂ ಅದನ್ನೇ ಹೇಳಿದರು. ಅವಸರಪಟ್ಟು ಮೂತಿ ಎತ್ತಿದ್ದು ಕ್ಯಾಪ್ಟನ್‌ರ ತಪ್ಪು ಎಂದು ವರದಿ ಬಂತು.

ಮುರಿದ ಕಾಲು ಕೂಡುವವರೆಗೆ ಅವಳು ಆದವಾನಿಯ ಮನೆಯಲ್ಲಿದ್ದಳು. ಸುಮ್ಮನೆ ಕೂಡಲಾರದೆ ಅಪ್ಪನ ಮಿಲ್ಲಿನಲ್ಲಿ ಒತ್ತಿ ಕಟ್ಟಿದ ಹತ್ತಿ ಬೇಲುಗಳನ್ನು ತೂಗುವ ಕಡೆ ಕುರ್ಚಿ ಹಾಕಿಕೊಂಡಳು. ಒಂದು ಮಧ್ಯಾಹ್ನ ಆಳುಗಳು ಊಟಕ್ಕೆ ಹೋಗಿದ್ದಾಗ, ಖಾಲಿ ತೂಕದ ಯಂತ್ರದಲ್ಲಿ ಕೆಂಪು ಅಂಕಿ ಮೂಡಿತು: ಎಂಬತ್ತೆರಡು. ಮರುದಿನವೂ ಅದೇ ಹೊತ್ತಿಗೆ, ಅಷ್ಟೇ. ರಿಪೇರಿಯವನು ಬಂದು ಧೂಳು ಸೇರಿತ್ತೆಂದು ಒರೆಸಿ ಹೋದ. ಮೂರನೇ ದಿನ ಮತ್ತೆ ಎಂಬತ್ತೆರಡು. ಹಾಳೆಯಲ್ಲಿ ರಾಮಾಂಜನೇಯರ ಹೆಸರಿನ ಮುಂದೆ ಅವಳು ಬರೆಯುತ್ತಿದ್ದ ತೂಕ ಅದು. ಅವಳಿಗೆ ಎದ್ದು ಓಡಲೂ ಆಗಲಿಲ್ಲ. ಯಾರೋ ಯಂತ್ರದ ಹಲಗೆಯ ಮೇಲೆ ತನ್ನ ಕಡೆ ಮುಖ ಮಾಡಿ, ಏನೂ ಕೇಳದೆ ನಿಂತಿದ್ದಾರೆ ಅನ್ನಿಸುತ್ತಿತ್ತು. ನಿಂತವರು ಹೋಗುತ್ತಲೂ ಇರಲಿಲ್ಲ. ಆಳುಗಳು ಬಂದು ಬೇಲು ಇಟ್ಟ ಮೇಲೆಯೇ ಅಂಕಿ ಬದಲಾಗುತ್ತಿತ್ತು.

ಕಡೆಗೆ ಅಪ್ಪನಿಗೆ ಎಲ್ಲ ಹೇಳಿದಳು. ಆದದ್ದು ಆಗಿಹೋಯಿತು, ಈಗ ಬಾಯಿಬಿಟ್ಟರೆ ಲೈಸೆನ್ಸ್ ಹೋಗುತ್ತದೆ, ಹೋದ ಮನುಷ್ಯ ತಿರುಗಿ ಬರುವುದಿಲ್ಲ ಎಂದರು ಏಕಾಂತಪ್ಪ. ಮಾತಾಡುವಾಗ ಮಗಳ ಮುಖ ನೋಡಲಿಲ್ಲ.

ಮರುದಿನ ಗಂಗೋತ್ರಿ ಊರುಗೋಲು ಹಿಡಿದು ಪತ್ತಿಕೊಂಡದ ಬಸ್ಸು ಹತ್ತಿದಳು. ರಾಮಾಂಜನೇಯರ ಹೆಂಡತಿ ಸುಜಾತಾ ಅಲ್ಲಿ ಶಾಲೆಯ ಟೀಚರ್. ನೀರು ಕೊಟ್ಟು, ಕಾಲು ಹೇಗಿದೆ ಎಂದು ವಿಚಾರಿಸಿದರು. ಅಂಗಡಿಗೆ ಹೋದರೂ ಜನ, ಗಂಡನ ಅವಸರಕ್ಕೆ ಇನ್ನೂ ಎಂಟು ಮಂದಿ ಸಾಯುತ್ತಿದ್ದರಂತೆ ಎಂದು ತೆಲುಗಿನಲ್ಲಿ ಪಿಸುಗುಡುತ್ತಾರೆ ಎಂದು ಹೇಳಿಕೊಂಡರು. ಗಂಗೋತ್ರಿ ಲೋಟ ಕೆಳಗಿಟ್ಟಳು.

"ಅಕ್ಕಾ, ಹಿಂದ ಮೂರು ಪೆಟ್ಟಿಗಿ ಇದ್ವು. ಒಂದನ್ನ ನಾನ ಎತ್ತಿ ನೋಡಿದ್ದೆ. ಇಪ್ಪತ್ತು ಕೆಜಿ ಅಲ್ಲಂತ ನನಗ ಗೊತ್ತಿತ್ತು. ಆದ್ರೂ ಇಪ್ಪತ್ತಂತ ಬರದೆ."

ಸುಜಾತಾ ಅಳಲಿಲ್ಲ. "ಅವಾಗ ನಮ್ಮನಿಯವರಿಗೆ ಹೇಳಿದ್ಯೇನು?" ಎಂದು ಕೇಳಿದರು.

"ಇಲ್ಲ."

"ಹೇಳಿದ್ರ ಪೆಟ್ಟಿಗಿ ಇಳಿಸ್ತಿದ್ರು." ಸುಜಾತಾ ಲೋಟ ತೆಗೆದಿಟ್ಟು ಅಂದರು, "ನನ್ನ ಮುಂದ ಹೇಳಿದ್ರ ಏನೂ ಆಗಾದಿಲ್ಲ, ಗಂಗೋತ್ರಿ. ವರದಿ ಬರದವರಿಗೆ ಹೇಳು."

ಅವಳು ತನಿಖೆಯವರಿಗೆ ಪತ್ರ ಬರೆದಳು. ಅವರು ರನ್‌ವೇ ಇದ್ದ ಆ ಮಿಲ್ಲಿಗೆ ಹೋಗಿ ಪೆಟ್ಟಿಗೆ ತೂಗಿಸಿದರು. ಒಂದೊಂದು ನಲವತ್ತೆಂಟು ಕೆಜಿ ಇತ್ತು. ಮರಿಬಸಪ್ಪ ಒಪ್ಪಿಕೊಂಡ. ವರದಿ ತಿದ್ದಲಾಯಿತು: ಹಾಳೆಯಲ್ಲಿ ಕಾಣಿಸದ ಹಿಂದಿನ ಭಾರದಿಂದ ಮೂತಿ ಎದ್ದಿತು, ಕ್ಯಾಪ್ಟನ್ ಅದನ್ನು ಒತ್ತಿ ಹಿಡಿದದ್ದರಿಂದಲೇ ಉಳಿದವರು ಬದುಕಿದರು. ಗಂಗೋತ್ರಿಯ ಲೈಸೆನ್ಸ್ ರದ್ದಾಯಿತು. ಏಕಾಂತಪ್ಪ ಆ ಕಾಗದ ಓದಿ ಮಡಚಿ, ಊಟ ಮಾಡು ಅಂದರು ಅಷ್ಟೇ.

ತಿದ್ದಿದ ವರದಿ ಕೈಗೆ ಬಂದ ವಾರ ಸುಜಾತಾ ಆಟೋ ಮಾಡಿಕೊಂಡು ಬಂದು, ಆ ಜಾಗ ತೋರಿಸು ಎಂದರು. ಹೊಲದಲ್ಲಿ ಹತ್ತಿ ಮೊಣಕಾಲೆತ್ತರ ಬೆಳೆದಿತ್ತು. ಬದುವಿನ ಹತ್ತಿರ ಒಂದು ಪಟ್ಟಿಯಷ್ಟು ನೆಲದಲ್ಲಿ ಮಾತ್ರ ಏನೂ ಹುಟ್ಟಿರಲಿಲ್ಲ. ಸುಜಾತಾ ಅಲ್ಲೇ ಮಣ್ಣಿನ ಮೇಲೆ ಕೂತು, ಅಂಗೈಯನ್ನು ನೆಲಕ್ಕೆ ಊರಿದರು.

"ಕಡೀಗೆ ಏನಂದ್ರು ಅವರು?"

ಆ ಮಾತನ್ನು ಗಂಗೋತ್ರಿ ತನಿಖೆಯವರಿಗೂ ಹೇಳಿರಲಿಲ್ಲ.

"'ಬೆಲ್ಟ್ ಬಿಗಿ ಹಿಡಕೊ ತಂಗಿ' ಅಂದ್ರು."

ಸುಜಾತಾ ತಲೆಯಾಡಿಸಿದರು. ಆಟೋದವನು ಎರಡು ಸಲ ಹಾರ್ನ್ ಹೊಡೆದ. ಅವರು ಏಳಲಿಲ್ಲ. ಗಂಗೋತ್ರಿಯೂ ಪಕ್ಕದಲ್ಲಿ ಕೂತಳು.