ಟ್ರಾಯ್ ಗೆಲುವು, ಐದು–ಸೊನ್ನೆ

ಪಂದ್ಯದ ಭವಿಷ್ಯ ನುಡಿಯುವುದರಲ್ಲಿ ನನ್ನನ್ನು ಮೀರಿಸುವವನು ಶಿಕಾಗೋದಿಂದ ಡೆಟ್ರಾಯಿಟ್‌ವರೆಗೆ ಇನ್ನೂ ಹುಟ್ಟಿಲ್ಲ. ನಮ್ಮವರು ಆಡುವುದು ಭಾನುವಾರದ ಫುಟ್‌ಬಾಲ್ ಲೀಗಿನ ನಾಲ್ಕನೇ ಡಿವಿಷನ್. ಅದರ ಕೆಳಗೆ ಬರೀ ಹುಲ್ಲು. ಪ್ರತಿ ಶುಕ್ರವಾರ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನನ್ನ ಮುನ್ನೋಟ ಬರುತ್ತದೆ. ಅದನ್ನು ಓದದೆ ಯಾರೂ ಊಟಕ್ಕೆ ಕೂರುವುದಿಲ್ಲ. ಓದಿದ ಮೇಲೆ ಬೆಟ್ ಕಟ್ಟುತ್ತಾರೆ. ದುಡ್ಡಿಗಲ್ಲ, ವೀಸಾದ ಮೇಲಿರುವವರಿಗೆ ಆ ತಂಟೆ ಬೇಡ. ಸೋತವನು ಚಳಿಗಾಲದ ಮೊದಲ ಸ್ನೋ ಬಿದ್ದಾಗ ಗೆದ್ದವನ ಮನೆ ಮುಂದೆ ಕಾರು ಬರುವ ದಾರಿಯ, ಅಂದರೆ ಡ್ರೈವ್‌ವೇಯ, ಸ್ನೋ ಬಳಿದು ತೆಗೆದುಕೊಡಬೇಕು.

ಹೋದ ವರ್ಷ ನಾನು ಎಷ್ಟು ಸ್ನೋ ಬಳಿದೆನೆಂದರೆ, ಊರಿನ ಸ್ನೋ ಬಳಿಯುವ ಗಾಡಿಯ ಡ್ರೈವರ್ ನನ್ನನ್ನು ಸಹೋದ್ಯೋಗಿ ಎಂದುಕೊಂಡು ಕೈ ಬೀಸತೊಡಗಿದ. ಹಾಗಂತ ನನ್ನ ಭವಿಷ್ಯ ಸುಳ್ಳೆಂದು ತಿಳಿಯಬಾರದು. ನಾನು ಸರಿಯಾಗಿಯೇ ಹೇಳುತ್ತೇನೆ, ಆಟಗಾರರು ತಪ್ಪಾಗಿ ಆಡುತ್ತಾರೆ.

ಈ ಅಕ್ಟೋಬರಿನ ಕೊನೆಯ ಪಂದ್ಯದಲ್ಲಿ ಶಿಕಾಗೋ ಪಕ್ಕದ ನಮ್ಮ ಗ್ಲೆಂಡೇಲ್ ಹೈಟ್ಸ್ ತಂಡಕ್ಕೆ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನವರು ಎದುರಾಳಿ. 'ಗ್ಲೆಂಡೇಲ್ ಗೆಲುವು, ಏಳು–ಸೊನ್ನೆ' ಎಂದು ಟೈಪ್ ಮಾಡಿ ಇನ್ನೇನು ಕಳಿಸಬೇಕು, ಬೆಲ್ ಆಯಿತು. ನಮ್ಮ ಗೋಲ್‌ಕೀಪರ್ ಜಯಸಿಂಹ. ವಯಸ್ಸು ಐವತ್ತು ದಾಟಿದೆ, ಆಪರೇಷನ್ ಆದ ಬಲ ಮಂಡಿ ಅರ್ಧ ಮಾತ್ರ ಮಡಚುತ್ತದೆ.

"ಪ್ರಸಾದ, ಬರೆದುಬಿಟ್ಯಾ?"

"ಈಗ ಕಳಿಸ್ತಿದೀನಿ ಜಯಣ್ಣ. ನೀವು ಗೆದ್ದಾಯ್ತು ಅಂದ್ಕೊಳ್ಳಿ."

ಅವರ ಮುಖ ಬಿಳಿಚಿಕೊಂಡಿತು. "ಅಯ್ಯೋ ಬೇಡ ಕಣೋ! ಟ್ರಾಯ್ ಗೆಲ್ಲತ್ತೆ ಅಂತ ಬರಿ."

"ಯಾಕೆ?"

"ನೀನು ಹೇಳಿದ್ದು ಯಾವತ್ತಾದ್ರೂ ಆಗಿದೆಯಾ?"

ಅಡುಗೆಮನೆಯಿಂದ ನನ್ನ ಹೆಂಡತಿ ವಸುಧಾ ನಕ್ಕ ಸದ್ದಿಗೆ ಪಾತ್ರೆಗಳು ನಡುಗಿದವು.

ಜಯಣ್ಣ ನಗಲಿಲ್ಲ. ಕಾಲು ನೀಡಿಕೊಂಡು ಸೋಫಾದ ತುದಿಯಲ್ಲಿ ಕೂತರು. "ಸೋತ್ರೆ ಮುಂದಿನ ಸೀಸನ್ನಿಂದ ಗೋಲಲ್ಲಿ ಆ ಹೊಸ ಹುಡುಗ ಆರ್ಯನ್‌ನ ನಿಲ್ಲಿಸ್ತಾರಂತೆ. ವಾರಕ್ಕೊಂದಿನ ಜನ ನನ್ನ ಹೆಸರು ಹಿಡಿದು ಕೂಗ್ತಾರೆ ಕಣೋ. ಬಯ್ಯೋಕಾದ್ರೂ ಸರಿ."

ಮೂರು ಲೋಕದಲ್ಲೂ ಯಾವ ಜ್ಯೋತಿಷಿಗೂ ಇಂಥ ಅವಮಾನ ಆಗಿರಲಾರದು. ಆದರೂ ಏಳು–ಸೊನ್ನೆಯನ್ನು ಅಳಿಸಿದೆ. 'ಟ್ರಾಯ್ ಗೆಲುವು, ಐದು–ಸೊನ್ನೆ. ನಮ್ಮ ಕೀಪರ್ ಬರೀ ಕಂಬ.' ಮಾತಿಗೆ ತೂಕ ಇರಲೆಂದು ಟ್ರಾಯ್ ಮೇಲೆ ಹನ್ನೊಂದು ಡ್ರೈವ್‌ವೇ ಬೆಟ್ ಕೂಡ ಕಟ್ಟಿದೆ.

"ಕಂಬ ಅನ್ನೋದು ಬೇಕಿತ್ತಾ?" ಎಂದರು ಜಯಣ್ಣ.

"ಜೋರಾಗಿ ಹೇಳಿದ್ರೆ ತಾನೇ ಜೋರಾಗಿ ತಪ್ಪೋದು?" ಎಂದಳು ವಸುಧಾ.

ಭಾನುವಾರದ ಗಾಳಿಗೆ ಒಹೇರ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಾದ ವಿಮಾನಗಳು ಹಿಂದಕ್ಕೆ ಹಾರುತ್ತಿದ್ದವು. ಪಂದ್ಯ ಒಂದು–ಒಂದು. ಕೊನೆಯ ನಿಮಿಷದಲ್ಲಿ ಟ್ರಾಯ್‌ಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವನು ಒಂಬತ್ತು ಅಡಿ ಎತ್ತರದ ರಾಕ್ಷಸ. ಚೆಂಡು ಒಳಗೆ ಹೋದರೆ ನಾನು ಹೇಳಿದಂತೆ ಟ್ರಾಯ್ ಗೆಲ್ಲುತ್ತದೆ, ನನ್ನ ಸೊಂಟವೂ ಉಳಿಯುತ್ತದೆ.

"ಬಿಡಬೇಡಿ ಜಯಣ್ಣಾ!" ಎಂದು ಬೇಲಿ ಹಿಡಿದು ಕಿರುಚಿದೆ.

ಕೀಪರ್ ಎಡಕ್ಕೋ ಬಲಕ್ಕೋ ಹಾರಿಯೇ ಹಾರುತ್ತಾನೆ ಎಂದು ನಂಬಿ ಅವನು ನಟ್ಟನಡುವೆ ಒದ್ದ. ಜಯಣ್ಣನೂ ಹಾರಲು ನೋಡಿದರು. ಮಂಡಿ ಒಪ್ಪಲಿಲ್ಲ. ನಿಂತಲ್ಲೇ ನಿಂತರು, ಥೇಟ್ ಕಂಬ. ಚೆಂಡು ಎದೆಗೆ ಬಡಿದು ಹೊರಗೆ ಹೋಯಿತು. ಆ ಸದ್ದು ಡೆಟ್ರಾಯಿಟ್‌ಗೂ ಕೇಳಿಸಿರಬೇಕು. ಪಂದ್ಯ ಮುಗಿದ ಸೀಟಿ ಊದಿದರು. ನಾವು ಸೋಲಲಿಲ್ಲ. ಮೈದಾನದ ತುಂಬ ಅವರ ಹೆಸರು. ಬಯ್ಯುವುದಕ್ಕಲ್ಲ.

ಡಿಸೆಂಬರಿನಲ್ಲಿ ಹತ್ತು ಅಡಿ ಸ್ನೋ ಬಿತ್ತು. ವಸುಧಾ ಆರು ಇಂಚು ಎನ್ನುತ್ತಾಳೆ. ಮೂರನೇ ಡ್ರೈವ್‌ವೇ ಮುಗಿಯುವ ಹೊತ್ತಿಗೆ ನನ್ನ ಬೆರಳುಗಳು ಸೆಟೆದುಹೋಗಿದ್ದವು. ಜಯಣ್ಣ ಕುಂಟುತ್ತಾ ಬಂದು ಸಲಿಕೆಗೆ ಕೈ ಹಾಕಿದರು.

"ಮುಟ್ಟಬೇಡಿ! ಆ ಮಂಡಿ ಈಗ ಊರಿನ ಆಸ್ತಿ."

ಅವರು ಜಾಕೆಟ್ಟಿನಿಂದ ತಮ್ಮ ಕೀಪರ್ ಗ್ಲೌಸ್ ತೆಗೆದು ನನ್ನ ಕೈಗೆ ತುರುಕಿದರು. "ಹಾಕ್ಕೋ. ಏಪ್ರಿಲ್ ತನಕ ನಂಗೆ ಬೇಡ. ಮೊದಲ್ನೇ ಮ್ಯಾಚಿಗೆ ಏನು ಬರೀತೀಯ?"

"ಹತ್ತು–ಸೊನ್ನೆ. ಸೋತು ಸುಣ್ಣ ಆಗ್ತೀರ."

"ನಿನ್ನ ಬಾಯಿಗೆ ಸಕ್ಕರೆ ಬೀಳ!" ಎಂದರು ಜಯಣ್ಣ.